ಏಳನೇ ತರಗತಿಯ ಹುಡುಗಿ 'ನನಗೆ ಚಿತ್ರ ಬರುವುದಿಲ್ಲ' ಎಂದಾಗ

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಹಳ್ಳಿ. ಮಗಳು ಕನ್ನಡ ಮಾಧ್ಯಮದ ಅನುದಾನಿತ ಶಾಲೆಯಲ್ಲಿ ಏಳನೇ ತರಗತಿ ಓದುತ್ತಿದ್ದಾಳೆ. ಈಗ ಕಲೆಗೂ ಪಠ್ಯಪುಸ್ತಕ ಬಂದಿದೆ. ವೃತ್ತಿ ಪರಿಚಯದ ಹೆಸರಿನಲ್ಲಿ ಜೇಡಿಮಣ್ಣು, ಅಡಿಕೆ ಹಾಳೆ ತರಲು ಹೇಳುತ್ತಾರೆ. ಶನಿವಾರ ಯಕ್ಷಗಾನ ತರಗತಿ. ಚಿಕ್ಕವಳಿದ್ದಾಗ ಗೋಡೆ ತುಂಬ ಚಿತ್ರ ಬಿಡಿಸುತ್ತಿದ್ದವಳು ಈಗ 'ನನಗೆ ಚಿತ್ರ ಬರುವುದಿಲ್ಲ' ಎನ್ನುತ್ತಾಳೆ. ಮಂಗಳೂರಿನಲ್ಲಿ ಸಿಬಿಎಸ್ಇ ಓದುವ ನನ್ನ ತಂಗಿಯ ಮಗನಿಗೆ ಇದೇ ವಯಸ್ಸಿನಲ್ಲಿ ಕೌಶಲ ವಿಷಯಗಳಿವೆಯಂತೆ. ನಮ್ಮ ಮಕ್ಕಳು ಈ ಪಿರಿಯಡ್‌ಗಳಲ್ಲಿ ನಿಜವಾಗಿ ಏನು ಕಲಿಯುತ್ತಾರೆ? ಯಕ್ಷಗಾನ ಬಿಡಿಸಿ ಗಣಿತದ ಟ್ಯೂಷನ್‌ಗೆ ಹಾಕಬೇಕೆಂದಿದ್ದೇವೆ. ಅವಳು ಮೊದಲ ಭಾಷೆಯ ಪತ್ರಿಕೆಯಾಗಿ ಸಂಸ್ಕೃತ ತೆಗೆದುಕೊಂಡಿದ್ದಾಳೆ. ಎಂಟನೇ ತರಗತಿಗೆ ಏನನ್ನು ಆರಿಸಿಕೊಂಡರೆ ಒಳ್ಳೆಯದು?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿವೆ. ಅವುಗಳ ನಡುವೆ ಒಂದೇ ಸಾಲಿನಲ್ಲಿ ಬಂದುಹೋದ ಮಗಳ ಮಾತನ್ನು ನಾನು ಮೊದಲು ಎತ್ತಿಕೊಳ್ಳುತ್ತೇನೆ. ಕಾಸರಗೋಡಿನ ಶಾಲೆಗಳಲ್ಲಿ ಚಿತ್ರಕಲೆ ಕಲಿಸಿದ ನಮಗೆ ಆರು, ಏಳನೇ ತರಗತಿಯಲ್ಲಿ ಅತಿ ಹೆಚ್ಚು ಕೇಳಿಸುವ ವಾಕ್ಯ ಅದೇ. ಒಂದನೇ ತರಗತಿಯಲ್ಲಿ ಒಂದು ಮಗುವೂ ಹಾಗೆ ಹೇಳುವುದಿಲ್ಲ. ಅಲ್ಲಿ ಅಜ್ಜಿ ತೆಂಗಿನ ಮರಕ್ಕಿಂತ ಎತ್ತರ ಇರಬಹುದು, ಸೂರ್ಯನಿಗೆ ಮೀಸೆ ಇರಬಹುದು, ಬಿಡಿಸಿದವರಿಗೆ ಸಂತೋಷವೋ ಸಂತೋಷ. ಹನ್ನೊಂದು ಹನ್ನೆರಡು ವರ್ಷಕ್ಕೆ ಬಂದಾಗ ಅದೇ ಮಗು ತಾನು ಬಿಡಿಸಿದ ಕೈಯನ್ನು ತನ್ನ ಕೈಯ ಜತೆ ಹೋಲಿಸಿ ನೋಡುತ್ತದೆ, ಸರಿಹೋಗಿಲ್ಲ ಎಂದು ಕಂಡು ಹಾಳೆ ಹರಿಯುತ್ತದೆ.

ಮಕ್ಕಳ ಚಿತ್ರಗಳನ್ನು ಅಧ್ಯಯನ ಮಾಡಿದ ವಿಕ್ಟರ್ ಲೋವೆನ್‌ಫೆಲ್ಡ್ 1940ರ ದಶಕದಲ್ಲಿಯೇ ಈ ಘಟ್ಟವನ್ನು ಗುರುತಿಸಿ, ಹನ್ನೊಂದರಿಂದ ಹದಿಮೂರರ ನಡುವಿನ ಮಕ್ಕಳು ತಮ್ಮ ಚಿತ್ರವನ್ನು ಕಣ್ಣಿಗೆ ಕಾಣುವ ಲೋಕದ ಅಳತೆಯಿಂದ ತೂಗತೊಡಗುತ್ತಾರೆ ಎಂದು ವಿವರಿಸಿದ್ದಾರೆ. ಅಂದರೆ ನಿಮ್ಮ ಮಗಳ ಕಣ್ಣು ಬೆಳೆದಿದೆ, ಕೈ ಇನ್ನೂ ಅಲ್ಲಿಗೆ ತಲುಪಿಲ್ಲ. ಆ ಅಂತರವನ್ನು ತುಂಬಲು ಯಾರಾದರೂ ನೆರವಾಗಬೇಕಾದ ವಯಸ್ಸು ಇದು. ನೆರವು ಸಿಗದವರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನಲವತ್ತು ದಾಟಿದವರ ಕೈಗೆ ಪೆನ್ಸಿಲ್ ಕೊಟ್ಟು ಮನೆಯ ಚಿತ್ರ ಬಿಡಿಸಿ ಎಂದರೆ ಹೆಚ್ಚಿನವರು ಏಳನೇ ತರಗತಿಯ ಮನೆಯನ್ನೇ ಬಿಡಿಸುತ್ತಾರೆ. ಕೈ ನಿಂತದ್ದು ಅಲ್ಲಿ. ಹಾಗಾಗಿ ಕಲೆಯ ತರಗತಿಯೊಂದನ್ನು ಇದೇ ವಯಸ್ಸಿನಲ್ಲಿ ನಿಲ್ಲಿಸುವ ನಿಮ್ಮ ಲೆಕ್ಕಕ್ಕೆ ನನ್ನ ವಿರೋಧವಿದೆ.

ಪಠ್ಯಪುಸ್ತಕದ ವಿಷಯ ಚುಟುಕಾಗಿ ಹೇಳುತ್ತೇನೆ. ಕೇರಳದ ಹೊಸ ಪಠ್ಯಕ್ರಮದ ಪುಸ್ತಕಗಳು 2024ರಲ್ಲಿ ಒಂದು, ಮೂರು, ಐದು, ಏಳು, ಒಂಬತ್ತನೇ ತರಗತಿಗಳಿಗೂ ಮರುವರ್ಷ ಉಳಿದವುಗಳಿಗೂ ಬಂದವು. ಚಿತ್ರ, ಸಂಗೀತ, ನೃತ್ಯ, ನಾಟಕ, ಸಿನಿಮಾ ಇವೆಲ್ಲ ಸೇರಿದ್ದೇ ಈಗಿನ ಕಲಾ ಶಿಕ್ಷಣ. ಲಿಖಿತ ಪರೀಕ್ಷೆ ಇಲ್ಲ, ವರ್ಷವಿಡೀ ಮಗು ಮಾಡಿದ ಕೆಲಸವನ್ನು ನೋಡಿ ಮೌಲ್ಯಮಾಪನ ಮಾಡಬೇಕು. ಪುಸ್ತಕ ಒಳ್ಳೆಯದೇ. ಆದರೆ ಕಲೆಯ ಪಿರಿಯಡ್ ಪುಸ್ತಕ ಓದಿಸಿ ಮುಗಿಸುವಂಥದ್ದಲ್ಲ. ಪುಟ ತಿರುವಿ ವಿವರಿಸಿ ಬೆಲ್ ಹೊಡೆಯುವವರೆಗೆ ಕಾಯುವ ತರಗತಿಯಲ್ಲಿ ಮಕ್ಕಳು ಏನನ್ನೂ ಕಲಿಯುವುದಿಲ್ಲ, ಇದನ್ನು ನಾನು ಮುಚ್ಚಿಟ್ಟು ಹೇಳಲಾರೆ.

ಒಳ್ಳೆಯ ತರಗತಿಯಲ್ಲಿ ಏನಾಗುತ್ತದೆ ಎಂಬುದಕ್ಕೆ ಒಂದು ಪಾಠವನ್ನು ಹತ್ತಿರದಿಂದ ತೋರಿಸುತ್ತೇನೆ. ನಿಮ್ಮ ಊರಿನಲ್ಲಿ ಅಡಿಕೆ ತೋಟವಿಲ್ಲದ ಮನೆ ಕಡಿಮೆ. ಅಡಿಕೆ ತೋಟ ಬಿಡಿಸಿ ಎಂದರೆ ಮಕ್ಕಳು ಹಾಳೆಯ ಕೆಳಅಂಚಿನ ಮೇಲೆ ಒಂದೇ ಎತ್ತರದ ಮರಗಳನ್ನು ಬೇಲಿಯ ಗೂಟಗಳಂತೆ ಸಾಲಾಗಿ ನಿಲ್ಲಿಸುತ್ತಾರೆ. ತಪ್ಪು ಎಂದು ಹೇಳದೆ ಅವರನ್ನು ತೋಟಕ್ಕೆ ಕರೆದೊಯ್ದು ಎರಡು ಸಾಲುಗಳ ನಡುವೆ ನಿಲ್ಲಿಸಬೇಕು. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಅಡಿಕೆಗೆ ಶಿಫಾರಸು ಮಾಡುವ ಅಂತರ 2.7 ಮೀಟರ್, ನಮ್ಮ ಹಿರಿಯರ ಲೆಕ್ಕದಲ್ಲಿ ಒಂಬತ್ತು ಅಡಿ. ಮರಗಳು ಸಮಾನ ದೂರದಲ್ಲಿವೆ ಎಂದು ಮಕ್ಕಳಿಗೆ ಗೊತ್ತು, ಗುಂಡಿ ತೋಡುವಾಗ ಅಳೆದದ್ದನ್ನು ಅವರು ಕಂಡಿದ್ದಾರೆ. ಆದರೆ ಒಂದು ಕಣ್ಣು ಮುಚ್ಚಿ, ಪೆನ್ಸಿಲನ್ನು ಕೈಯಳತೆಯ ದೂರದಲ್ಲಿ ಹಿಡಿದು ಅಳೆದಾಗ ಮೊದಲ ಮರಕ್ಕೂ ಎರಡನೆಯದಕ್ಕೂ ನಡುವಿನ ಜಾಗ ದೊಡ್ಡದು, ಎರಡನೆಯದಕ್ಕೂ ಮೂರನೆಯದಕ್ಕೂ ಸಣ್ಣದು, ಆಮೇಲಿನದು ಇನ್ನೂ ಸಣ್ಣದು. ಬುಡಗಳ ಸಾಲು ಮೇಲಕ್ಕೇರುತ್ತದೆ, ತುದಿಗಳ ಸಾಲು ಕೆಳಗಿಳಿಯುತ್ತದೆ, ಎರಡೂ ಕಣ್ಣಿನ ಮಟ್ಟದ ಒಂದು ಬಿಂದುವಿನಲ್ಲಿ ಕೂಡುತ್ತವೆ. ಅಲ್ಲೇ ಕುಕ್ಕರಗಾಲಿನಲ್ಲಿ ಕೂತರೆ ಆ ಬಿಂದುವೂ ಜತೆಗೆ ಇಳಿಯುತ್ತದೆ. ದೂರ ಹೋದಂತೆ ಎಲ್ಲವೂ ಕುಗ್ಗಿ ಕಾಣುವ ಈ ನಿಯಮವೇ ಪರ್ಸ್‌ಪೆಕ್ಟಿವ್.

ಇನ್ನೂ ಒಂದಿದೆ. ಅಡಿಕೆ ಮರದ ಕಾಂಡದ ಮೇಲೆ ಹಾಳೆ ಕಳಚಿದ ಉಂಗುರಗಳಿರುತ್ತವಲ್ಲ, ಮಕ್ಕಳು ಅವನ್ನು ಅಡ್ಡಗೆರೆಗಳಾಗಿ ಎಳೆಯುತ್ತಾರೆ, ಮರ ಹಲಗೆಯಂತೆ ಚಪ್ಪಟೆಯಾಗಿ ಕಾಣುತ್ತದೆ. ಹತ್ತಿರ ನಿಂತು ನೋಡಿದರೆ ಕಣ್ಣಿಗಿಂತ ಕೆಳಗಿನ ಉಂಗುರಗಳು ಕೆಳಕ್ಕೆ ಬಾಗಿವೆ, ಮೇಲಿನವು ಮೇಲಕ್ಕೆ ಬಾಗಿವೆ, ಕಣ್ಣಿನ ನೇರಕ್ಕಿರುವುದು ಮಾತ್ರ ಸರಳರೇಖೆ. ಇಷ್ಟನ್ನು ಗುರುತಿಸಿ ಎಳೆದ ಕೂಡಲೇ ಮರ ಉರುಟಾಗಿಬಿಡುತ್ತದೆ. 'ಬರುವುದಿಲ್ಲ' ಎಂದ ಮಗು ತನ್ನ ಹಾಳೆಯ ಮೇಲೆ ಮರ ಉರುಟಾದುದನ್ನು ಕಂಡಾಗ ಅದರ ಮುಖ ನೋಡಬೇಕು. ಹುಟ್ಟುಪ್ರತಿಭೆ ಇಲ್ಲದ ಮಕ್ಕಳಿಗೂ ಇದು ಒಂದೆರಡು ಪಿರಿಯಡ್‌ಗಳಲ್ಲಿ ದಕ್ಕುತ್ತದೆ. ಮಗು ಇಲ್ಲಿ ಕಲಿತದ್ದು, ತನಗೆ ಗೊತ್ತಿರುವುದಕ್ಕೂ ಕಣ್ಣೆದುರು ಇರುವುದಕ್ಕೂ ವ್ಯತ್ಯಾಸವಿದ್ದಾಗ ನಿಂತು ನೋಡುವುದನ್ನು. ವಿಜ್ಞಾನದ ಅಧ್ಯಾಪಕರು ಪ್ರಯೋಗಶಾಲೆಯಲ್ಲಿ ಬೇಡುವುದೂ ಇದನ್ನೇ.

ಬಣ್ಣದ ಪಾಠವೂ ಹೀಗೆಯೇ. ಪೆಟ್ಟಿಗೆಯಲ್ಲಿ ಸಿಗುವ ಹಸಿರನ್ನು ಸ್ವಲ್ಪ ಕಾಲ ಬದಿಗಿಟ್ಟು ನೀಲಿ, ಹಳದಿಗಳಿಂದಲೇ ಹಸಿರು ಮಾಡಿಸಬೇಕು. ಆಟಿಯ ಮಳೆಯಲ್ಲಿ ಮುರಕಲ್ಲಿನ ಗೋಡೆಗೆ ಹತ್ತಿದ ಪಾಚಿ, ಗದ್ದೆಯ ನೇಜಿ ಎಂಬ ಎಳೆಯ ಭತ್ತದ ಸಸಿ, ಅಡಿಕೆಯ ಗರಿಯಾದ ಸೋಗೆ, ಮೂರೂ ಹಸಿರೇ. ನೇಜಿಗೆ ಹಳದಿ ಹೆಚ್ಚು ಬೇಕು, ಸೋಗೆಗೆ ನೀಲಿ ಹೆಚ್ಚು, ಪಾಚಿಗೆ ಒಂದು ಚೂರು ಕೆಂಪು ಬೆರೆಸಿ ಹೊಳಪನ್ನು ಕುಗ್ಗಿಸಬೇಕು. ಇದನ್ನು ಮಾಡಿದ ಮಗುವಿಗೆ ತನ್ನ ಹಿತ್ತಿಲು ಮೊದಲಿನ ಹಾಗೆ ಬರೀ 'ಹಸಿರು' ಆಗಿ ಉಳಿಯುವುದಿಲ್ಲ.

ಇನ್ನು ಜೇಡಿಮಣ್ಣು, ಅಡಿಕೆ ಹಾಳೆ. ಇದನ್ನು ತಂದೆತಾಯಂದಿರು ಸಾಮಾನ್ಯವಾಗಿ ಆಟವೆಂದುಕೊಳ್ಳುತ್ತಾರೆ, ಬಟ್ಟೆ ಕೊಳೆಯಾಯಿತೆಂದು ದೂರುತ್ತಾರೆ. ಮಣ್ಣಿನಲ್ಲಿ ಆನೆ ಮಾಡಿ ಬಿಸಿಲಿಗಿಟ್ಟ ಮಗು ಮರುದಿನ ಬಂದು ನೋಡಿದರೆ ಕಾಲು ಬಿದ್ದಿರುತ್ತದೆ, ಹೊಟ್ಟೆ ಬಿರುಕು ಬಿಟ್ಟಿರುತ್ತದೆ. ಯಾಕೆ? ಮಣ್ಣು ಒಣಗುವಾಗ ಕುಗ್ಗುತ್ತದೆ. ದಪ್ಪ ಮುದ್ದೆಯ ಹೊರಭಾಗ ಬೇಗ ಒಣಗಿ ಕುಗ್ಗಿದರೆ ಒಳಭಾಗ ಇನ್ನೂ ಹಸಿಯಾಗಿಯೇ ಇರುತ್ತದೆ, ಆ ಎಳೆದಾಟದಲ್ಲಿ ಬಿರುಕು. ಆದ್ದರಿಂದ ಹೊಟ್ಟೆಯನ್ನು ಟೊಳ್ಳು ಮಾಡಬೇಕು, ನೆರಳಲ್ಲಿ ನಿಧಾನವಾಗಿ ಒಣಗಿಸಬೇಕು. ಕಾಲು ಅಂಟಿಸುವಲ್ಲಿ ಎರಡೂ ಕಡೆ ಗೀರಿ, ನೀರಾಗಿ ಕಲಸಿದ ಮಣ್ಣು ಸವರಿ ಒತ್ತಬೇಕು. ಮಣ್ಣನ್ನು ಮೊದಲೇ ಚೆನ್ನಾಗಿ ನಾದಿ ಒಳಗಿನ ಗಾಳಿ ತೆಗೆದಿರಬೇಕು. ಬಿದ್ದ ಕಾಲಿನ ಮುಂದೆ ಕೂತು ಇದನ್ನು ಕೇಳಿಸಿಕೊಂಡ ಮಗು ಮರೆಯುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಇದನ್ನು ಕಲಿಸಲು ಸಾಮಗ್ರಿಗೂ ಬರವಿಲ್ಲ, ಗುರುಗಳಿಗೂ ಬರವಿಲ್ಲ. ಎರಿಕ್ಕುಳದಲ್ಲಿ ಕುಂಬಾರರಿದ್ದಾರೆ, ತಳಂಗರೆಯಲ್ಲಿ ಕೈಯಿಂದ ಟೋಪಿ ಹೊಲಿಯುವವರಿದ್ದಾರೆ, ಕಾಸರಗೋಡು ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ, ಹಾಳೆ ನೆನೆಸಿ ಮುಟ್ಟಾಳೆ ಎಂಬ ಟೋಪಿ ಕಟ್ಟಬಲ್ಲ ಅಜ್ಜಂದಿರು ನಿಮ್ಮ ಎಣ್ಮಕಜೆ ಪಂಚಾಯತಿನಲ್ಲೇ ಸಿಕ್ಕಾರು. ಪಾಲಕ್ಕಾಡಿನ ಮಲಂಪುಳದ ಯಕ್ಷಿ ಶಿಲ್ಪವನ್ನು 1969ರಲ್ಲಿ ರೂಪಿಸಿ ಮುಗಿಸಿದ ಶಿಲ್ಪಿ ಕಾನಾಯಿ ಕುಂಞಿರಾಮನ್ ಹುಟ್ಟಿದ್ದು ಇದೇ ಜಿಲ್ಲೆಯ ಚೆರುವತ್ತೂರಿನ ಕಡೆ. ಇಂಥವರನ್ನು ಒಂದು ಮಧ್ಯಾಹ್ನ ಶಾಲೆಗೆ ಕರೆಸಲು ರಕ್ಷಕ ಶಿಕ್ಷಕ ಸಂಘ ಮನಸ್ಸು ಮಾಡಿದರೆ ಸಾಕು. ವೃತ್ತಿ ಪರಿಚಯ ಮೇಳದ ಸ್ಪರ್ಧೆಗಳಲ್ಲಿ ಜೇಡಿಮಣ್ಣಿನ ರೂಪಗಳು, ತೆಂಗಿನ ನಾರಿನ ಕಾಲೊರಸು, ತೆಂಗಿನ ಚಿಪ್ಪಿನ (ಗೆರಟೆಯ) ವಸ್ತುಗಳು, ಪುಸ್ತಕದ ರಟ್ಟು ಕಟ್ಟುವುದು, ಕೊಡೆ ತಯಾರಿ ಎಲ್ಲವೂ ಇವೆ, ಅದೂ ಸ್ಥಳದಲ್ಲೇ ಕೂತು ಮಾಡಬೇಕು. ಮನೆಯಲ್ಲಿ ಹಿರಿಯರು ಮಾಡಿಕೊಟ್ಟದ್ದು ಅಲ್ಲಿ ನಡೆಯುವುದಿಲ್ಲ, ಅದಕ್ಕೇ ನನಗೆ ಆ ಮೇಳ ಇಷ್ಟ.

ಈಗ ಯಕ್ಷಗಾನಕ್ಕೆ ಬರುತ್ತೇನೆ. ಅದನ್ನು ಬಿಡಿಸುವ ಯೋಚನೆಯನ್ನು ದಯವಿಟ್ಟು ಕೈಬಿಡಿ.

ನಿಮ್ಮ ಮಗಳು ಮೊದಲ ಭಾಷೆಯ ಒಂದು ಪತ್ರಿಕೆಯಲ್ಲಿ ಸಂಸ್ಕೃತ ಓದುತ್ತಾಳೆ. ಕೇರಳದ ವ್ಯವಸ್ಥೆಯಲ್ಲಿ ಐದನೇ ತರಗತಿಯಿಂದ ಮೊದಲ ಭಾಷೆಯ ಒಂದನೇ ಪತ್ರಿಕೆಗೆ ಕನ್ನಡದ ಬದಲು ಸಂಸ್ಕೃತ, ಅರಬಿ ಅಥವಾ ಉರ್ದು ಆರಿಸಿಕೊಳ್ಳಬಹುದು, ಎರಡನೇ ಪತ್ರಿಕೆ ಕನ್ನಡದ್ದೇ ಆಗಿರುತ್ತದೆ. ಆಯ್ಕೆಯಲ್ಲಿ ದೋಷವಿಲ್ಲ. ಆದರೆ ಅವಳಿಗೆ ಕನ್ನಡದ ಪಾಠಗಳು ಜತೆಯವರಿಗಿಂತ ಕಡಿಮೆ ಸಿಗುತ್ತವೆ ಎಂಬುದನ್ನು ಗಮನಿಸಿ. ನಮ್ಮ ಮಕ್ಕಳು ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ, ಕರಾಡ, ಮಲಯಾಳ ಆಡುವವರು. ಬಸ್ಸಿನಲ್ಲಿ ಮಲಯಾಳ, ಮೊಬೈಲಿನಲ್ಲಿ ಇಂಗ್ಲಿಷ್. ಪುಸ್ತಕದ ಕನ್ನಡವನ್ನು ಬಾಯ್ತುಂಬ ಆಡುವ ಸಂದರ್ಭ ದಿನದಲ್ಲಿ ಎಷ್ಟು ಬರುತ್ತದೆ ಹೇಳಿ. ಯಕ್ಷಗಾನದ ಅರ್ಥಗಾರಿಕೆಯಲ್ಲಿ ಬರುತ್ತದೆ. ಪದ್ಯ ಮುಗಿದ ಕೂಡಲೇ ಆ ಪದ್ಯದ ಭಾವವನ್ನು ಹಿಡಿದು ಪಾತ್ರ ಮಾತನಾಡಬೇಕು, ಎದುರಿನ ಪಾತ್ರ ಕೇಳಿದ್ದಕ್ಕೆ ಉತ್ತರಿಸಬೇಕು, ನಡುವೆ ಒಂದು ಇಂಗ್ಲಿಷ್ ಶಬ್ದ ಸುಳಿದರೆ ಸಭೆಗೆ ಸಭೆಯೇ ಇರುಸುಮುರುಸಾಗುತ್ತದೆ. ಬಾಲಕಲಾವಿದರು ಮೊದಲು ಬರೆದುಕೊಟ್ಟ ಮಾತನ್ನು ಬಾಯಿಪಾಠ ಮಾಡುತ್ತಾರೆ. ಆಮೇಲೆ ಒಂದು ದಿನ ಎದುರಾಳಿ ಸಾಲು ಮರೆತಾಗ ಸ್ವಂತ ವಾಕ್ಯವೊಂದನ್ನು ಕಟ್ಟಿ ಪ್ರಸಂಗವನ್ನು ಮುಂದೆ ದೂಡುತ್ತಾರೆ. ಆ ಒಂದು ವಾಕ್ಯಕ್ಕೆ ನಾನು ಕೊಡುವ ಬೆಲೆ ಯಾವ ಪ್ರಬಂಧಕ್ಕೂ ಇಲ್ಲ. ಕೇಳಿ, ಗ್ರಹಿಸಿ, ತಕ್ಕ ಮಾತನ್ನು ಶುದ್ಧ ಕನ್ನಡದಲ್ಲಿ ಎದ್ದುನಿಂತು ಆಡುವ ಅಭ್ಯಾಸ ನಿಮ್ಮ ಮಗಳಿಗೆ ವಾರದಲ್ಲಿ ಇನ್ನೆಲ್ಲೂ ಸಿಗುವುದಿಲ್ಲ.

ತಾಳದ ಮಾತನ್ನೂ ಸೇರಿಸುತ್ತೇನೆ, ಏಕೆಂದರೆ ಗಣಿತದ ಚಿಂತೆ ನಿಮಗಿದೆ. ತ್ರಿಪುಡೆ ತಾಳಕ್ಕೆ ಏಳು ಅಕ್ಷರ, ಅಂದರೆ ಏಳು ಎಣಿಕೆ, ಝಂಪೆಗೆ ಹತ್ತು, ರೂಪಕಕ್ಕೆ ಆರು. ಕೈಯಲ್ಲಿ ತಾಳ ಹಾಕುತ್ತ ಕಾಲಲ್ಲಿ ಅದರ ಇಮ್ಮಡಿ ವೇಗದಲ್ಲಿ ಹೆಜ್ಜೆ ಇಡುವ ಮಗು ಭಿನ್ನರಾಶಿಯನ್ನು ಮೈಯಲ್ಲೇ ಅರಿತಿರುತ್ತದೆ. ಇದರಿಂದ ಗಣಿತದ ಅಂಕ ಏರುತ್ತದೆಂದು ನಾನು ಆಸೆ ಹುಟ್ಟಿಸುವುದಿಲ್ಲ. ಎಣಿಕೆ ತಪ್ಪಿದಾಗ ತಪ್ಪಿದ ಕ್ಷಣದಲ್ಲೇ ಗೊತ್ತಾಗುವ, ಕೂಡಲೇ ಸರಿಮಾಡಿಕೊಳ್ಳಲೇಬೇಕಾದ ತರಬೇತಿ ಅದು ಎಂದಷ್ಟೇ ಹೇಳುತ್ತೇನೆ. ವೇಷ ಕಟ್ಟುವ ಚೌಕಿಯಲ್ಲಿ ಕನ್ನಡಿಯ ಮುಂದೆ ಕೂತು ಹಣೆಯ ನಾಮ, ಹುಬ್ಬು, ಕೆನ್ನೆಯ ಗೆರೆಗಳನ್ನು ಎಡಬಲ ಸಮನಾಗಿ ಎಳೆಯುವುದಂತೂ ಚಿತ್ರಕಲೆಯ ಪಾಠವೇ. ಅವಳ 'ಚಿತ್ರ ಬರುವುದಿಲ್ಲ' ಎಂಬುದಕ್ಕೆ ಅಲ್ಲೂ ಮದ್ದಿದೆ. ಯಕ್ಷಗಾನದಲ್ಲಿ ಮುಖವರ್ಣಿಕೆಯನ್ನು ಕಲಾವಿದರೇ ಸ್ವತಃ ಮಾಡಿಕೊಳ್ಳುವುದು ವಾಡಿಕೆ, ಗುರುಗಳನ್ನು ಕೇಳಿ ಅವಳ ಕೈಗೇ ಕುಂಚ ಕೊಡಿಸಿ.

ಯಕ್ಷಗಾನ ಕವಿ ಪಾರ್ತಿಸುಬ್ಬ ರಾಮಾಯಣದ ಪ್ರಸಂಗಗಳನ್ನು ಕಟ್ಟಿದ ಕುಂಬಳೆ ನಿಮ್ಮ ಊರಿಂದ ದೂರವಿಲ್ಲ. ತೆಂಕುತಿಟ್ಟಿನ ಯಕ್ಷಗಾನವನ್ನು ಸೂತ್ರದ ಬೊಂಬೆಗಳಲ್ಲಿ ಆಡಿಸುವ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ ಕಾಸರಗೋಡಿನದೇ. ಅವರ ಪ್ರದರ್ಶನ ಹತ್ತಿರದಲ್ಲಿ ಎಲ್ಲಾದರೂ ಇದ್ದರೆ ಮಗಳನ್ನು ಕರೆದೊಯ್ಯಿರಿ, ಆಟ ಮುಗಿದ ಮೇಲೆ ಬೊಂಬೆಯನ್ನು ಹತ್ತಿರದಿಂದ ನೋಡಲು ಬಿಡಿ. ಕಲೆಯ ಪುಸ್ತಕದ ಚಿತ್ರ, ನಾಟಕ, ಸಂಗೀತ, ನೃತ್ಯ ಎಂಬ ವಿಭಾಗಗಳು ಒಂದೇ ರಂಗದಲ್ಲಿ ಕೂಡುವುದು ಅಲ್ಲಿ ಕಾಣುತ್ತದೆ.

ಸಿಬಿಎಸ್ಇಯ ಹೋಲಿಕೆಯಲ್ಲಿ ಕೀಳರಿಮೆ ಬೇಡ. 2023ರ ರಾಷ್ಟ್ರೀಯ ಶಾಲಾ ಪಠ್ಯಕ್ರಮ ಚೌಕಟ್ಟು ಆರರಿಂದ ಎಂಟನೇ ತರಗತಿಗೆ ದೃಶ್ಯಕಲೆ, ರಂಗಕಲೆ, ಸಂಗೀತ, ನೃತ್ಯ ಎಂಬ ನಾಲ್ಕು ಕಲೆಗಳನ್ನೂ, ವೃತ್ತಿ ಶಿಕ್ಷಣದಲ್ಲಿ ಜೀವಿಗಳ ಜತೆಗಿನ ಕೆಲಸ, ಯಂತ್ರ ಮತ್ತು ಸಾಮಗ್ರಿಗಳ ಕೆಲಸ, ಜನರ ಸೇವೆಯ ಕೆಲಸ ಎಂಬ ಮೂರು ಬಗೆಯನ್ನೂ ಹೇಳುತ್ತದೆ. ಆರರಿಂದ ಎಂಟರೊಳಗೆ ಹತ್ತು ದಿನ ಬ್ಯಾಗ್ ಇಲ್ಲದೆ ಬಡಗಿ, ಕುಂಬಾರ, ತೋಟಗಾರರಂಥವರ ಬಳಿ ಕಲಿಯಬೇಕೆಂಬುದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿದೆ. ನಿಮ್ಮ ಮಗಳು ಮಣ್ಣು, ಹಾಳೆಗಳಲ್ಲಿ ಮಾಡುತ್ತಿರುವುದೂ ಅದೇ.

ಅಂಕಗಳ ವಿಷಯದಲ್ಲಿ ತಪ್ಪು ನಿರೀಕ್ಷೆ ಇಟ್ಟುಕೊಳ್ಳಬೇಡಿ. ಕೇರಳದ ಶಾಲಾ ಕಲಾಸ್ಪರ್ಧೆಯಾದ ಕಲೋತ್ಸವದಲ್ಲಿ ಸಿಗುವ ಹೆಚ್ಚುವರಿ (ಗ್ರೇಸ್) ಅಂಕಗಳು ಹೈಸ್ಕೂಲ್ ಮತ್ತು ಹೈಯರ್ ಸೆಕೆಂಡರಿಯ ಪಬ್ಲಿಕ್ ಪರೀಕ್ಷೆಗಳಿಗೆ ಸಂಬಂಧಿಸಿದವು. ಹಿರಿಯ ಪ್ರಾಥಮಿಕ ವಿಭಾಗದ ಸ್ಪರ್ಧೆಗಳು ಉಪಜಿಲ್ಲೆಯಿಂದ ಕಂದಾಯ ಜಿಲ್ಲೆಯವರೆಗೆ ಹೋಗಿ ಅಲ್ಲಿಗೇ ಮುಗಿಯುತ್ತವೆ. ಹೈಸ್ಕೂಲಿಗೆ ಹೋದ ಮೇಲೆ ರಾಜ್ಯ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ, ಕಾಸರಗೋಡಿನ ಮಕ್ಕಳಿಗೆ ಅದು ಮನೆಯಂಗಳ. ಆದರೆ ಒಂದೇ ಪ್ರಸಂಗವನ್ನು ತಿಂಗಳುಗಟ್ಟಲೆ ತಿದ್ದಿತೀಡಿ, ಆಯ್ದ ಆರೇಳು ಮಕ್ಕಳನ್ನು ಮಾತ್ರ ಕುಣಿಸಿ, ಉಳಿದವರನ್ನು ಚಪ್ಪಾಳೆಗೆ ಕೂರಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ನಿಮ್ಮ ಶಾಲೆಯಲ್ಲಿ ಹಾಗಿದ್ದರೆ, ಸ್ಪರ್ಧೆಗೆ ಆಯ್ಕೆಯಾಗದ ಮಕ್ಕಳಿಗೂ ಶಾಲಾ ವಾರ್ಷಿಕೋತ್ಸವದಲ್ಲಿ ವೇಷ ಕಟ್ಟಿಸಬೇಕೆಂದು ಸಭೆಯಲ್ಲಿ ಕೇಳಿ.

ಕೇಳಬೇಕಾದ ಇನ್ನೊಂದು ಮಾತು ಪಿರಿಯಡ್‌ಗಳದ್ದು. ಪರೀಕ್ಷೆ ಹತ್ತಿರವಾದಂತೆ, ಅದರಲ್ಲೂ ಏಳನೇ ತರಗತಿಯ ವಿದ್ಯಾರ್ಥಿವೇತನ ಪರೀಕ್ಷೆ ಬಂದಾಗ, ಕಲೆ ಮತ್ತು ಆಟದ ಪಿರಿಯಡ್‌ಗಳನ್ನು ಬೇರೆ ವಿಷಯಗಳು ನುಂಗಿಬಿಡುತ್ತವೆ. ಹಾಗೆ ಮಾಡಬಾರದೆಂದು ಕೇರಳದ ಶಿಕ್ಷಣ ಇಲಾಖೆಯ ಸೂಚನೆಯಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ, ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಕಲೆ, ದೈಹಿಕ ಶಿಕ್ಷಣ, ವೃತ್ತಿ ಶಿಕ್ಷಣಗಳಿಗೆ ಅರೆಕಾಲಿಕ ಬೋಧಕರಿರಬೇಕೆನ್ನುತ್ತದೆ. ನಮ್ಮ ಕಡೆಯ ಸಣ್ಣ ಕನ್ನಡ ಶಾಲೆಗಳಲ್ಲಿ ಅಷ್ಟು ಮಕ್ಕಳಿರುವುದಿಲ್ಲ, ಒಬ್ಬರೇ ಬೋಧಕರು ಹಲವು ಶಾಲೆಗಳಿಗೆ ಓಡಾಡುತ್ತಾರೆ. ಬಂದವರಿಗೆ ಕನ್ನಡ ಬಾರದಿದ್ದರೆ ಇನ್ನೊಂದು ತೊಡಕು. ಗೆರೆ ಎಳೆದು ತೋರಿಸಲು ಭಾಷೆ ಬೇಕಿಲ್ಲ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಈ ನೆರಳು ಯಾಕೆ ಇಲ್ಲಿ ಗಾಢವಾಗಿದೆ ಎಂದು ಮಗು ಕೇಳುವುದು ತನ್ನ ಭಾಷೆಯಲ್ಲಿ, ಉತ್ತರವೂ ಅದೇ ಭಾಷೆಯಲ್ಲಿ ಸಿಗಬೇಕು. ಕನ್ನಡ ಶಾಲೆಯ ಮಕ್ಕಳಿಗೆ ಕಲೆಯೂ ಕನ್ನಡದಲ್ಲೇ ಸಿಗಬೇಕೆಂದು ರಕ್ಷಕರು ಲಿಖಿತವಾಗಿ ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ.

ಎಂಟನೇ ತರಗತಿಯ ಆಯ್ಕೆಗಳಲ್ಲಿ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿಗಳ ಐಟಿ ಘಟಕವನ್ನು ಮನಸ್ಸಿನಲ್ಲಿಡಿ. ಕೇರಳದ ಹೈಸ್ಕೂಲುಗಳಲ್ಲಿ 2018ರಲ್ಲಿ ಆರಂಭವಾದ ಈ ಘಟಕಕ್ಕೆ ಎಂಟನೇ ತರಗತಿಯಲ್ಲಿ ಅಭಿರುಚಿ ಪರೀಕ್ಷೆಯ ಮೂಲಕ ಸೇರಿಸಿಕೊಳ್ಳುತ್ತಾರೆ. ಆನಿಮೇಷನ್, ಪ್ರೋಗ್ರಾಮಿಂಗ್ ಮುಂತಾದವನ್ನು ಉಚಿತ ತಂತ್ರಾಂಶಗಳಲ್ಲಿ ಕಲಿಸುತ್ತಾರೆ. ಸೇರುವ ಹೈಸ್ಕೂಲಿನಲ್ಲಿ ಘಟಕ ಇದೆಯೇ ಎಂದು ಮೊದಲೇ ವಿಚಾರಿಸಿ. ಆನಿಮೇಷನ್‌ಗೆ ಬೇಕಾದ್ದು ಮೊದಲು ಕಥೆ, ಆಮೇಲೆ ಚಲನೆಯ ಪರಿಜ್ಞಾನ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಹಾರುವ ವೇಷಧಾರಿಯ ಮೈಭಾರ ಯಾವ ಕಾಲಿನ ಮೇಲೆ ಬಿತ್ತು ಎಂದು ಗಮನಿಸಬಲ್ಲ ಹುಡುಗಿ ಅಲ್ಲಿ ಮುಂದಿರುತ್ತಾಳೆ. ಸ್ಕೌಟ್ಸ್ ಗೈಡ್ಸ್, ವಿದ್ಯಾರ್ಥಿ ಪೊಲೀಸ್ ಕೆಡೆಟ್ ಇವೆಲ್ಲ ಅವಳ ಸ್ವಭಾವಕ್ಕೆ ಹೊಂದಿದರೆ ಸೇರಲಿ, ಅವುಗಳ ಬಗ್ಗೆ ನನ್ನ ಸಲಹೆಗೆ ಹೆಚ್ಚಿನ ತೂಕವಿಲ್ಲ. ಸಂಸ್ಕೃತವನ್ನು ಅವಳು ಇಷ್ಟಪಟ್ಟು ಓದುತ್ತಿದ್ದರೆ ಮುಂದುವರಿಸಿ. ಯಕ್ಷಗಾನದ ಪದ್ಯಗಳಲ್ಲಿ ಅರ್ಧಕ್ಕರ್ಧ ಶಬ್ದಗಳು ಅವಳಿಗೆ ಅದರಿಂದಲೇ ಬಿಡಿಸಿಕೊಳ್ಳುತ್ತವೆ. ಕಷ್ಟಪಟ್ಟು ಎಳೆದುಕೊಂಡು ಹೋಗುತ್ತಿದ್ದರೆ ಎಂಟರಲ್ಲಿ ಕನ್ನಡಕ್ಕೆ ಬರಲಿ.

ಮನೆಯಲ್ಲಿ ನೀವು ಮಾಡಬಹುದಾದದ್ದು ಸ್ವಲ್ಪವೇ. ಗೆರೆ ಇಲ್ಲದ ಒಂದು ನೋಟ್‌ಬುಕ್, ಎಚ್‌ಬಿ, 2ಬಿ, 4ಬಿ ಪೆನ್ಸಿಲ್ ಒಂದೊಂದು ತೆಗೆದುಕೊಡಿ. ಮೊಬೈಲಿನಲ್ಲಿ ಕಂಡ ಕಾರ್ಟೂನು ನಕಲು ಮಾಡುವುದಕ್ಕಿಂತ ಮನೆಯೊಳಗಿನ ವಸ್ತುವೊಂದನ್ನು, ಕಳಚಿಬಿದ್ದ ಅಡಿಕೆ ಹಾಳೆಯನ್ನೋ ಕತ್ತಿಯನ್ನೋ ಅಜ್ಜನ ಚಪ್ಪಲಿಯನ್ನೋ, ಎದುರಿಗಿಟ್ಟುಕೊಂಡು ಬಿಡಿಸಲಿ. 'ಚೆಂದವಾಗಿದೆ' ಎಂದು ಸುಮ್ಮನೆ ಹೊಗಳಬೇಡಿ, ಈ ವಯಸ್ಸಿನವರಿಗೆ ಆ ಹೊಗಳಿಕೆಯ ಪೊಳ್ಳು ಗೊತ್ತಾಗುತ್ತದೆ. ಕತ್ತಿಯ ಹಿಡಿಯ ಸವೆದ ಜಾಗವನ್ನು ಗಮನಿಸಿದ್ದೀಯಲ್ಲ ಎಂದು ಕಂಡದ್ದನ್ನು ಕಂಡಂತೆ ಹೇಳಿ.

ಗಣಿತಕ್ಕೆ ಟ್ಯೂಷನ್ ಬೇಕೇ ಎಂಬುದನ್ನು ತರಗತಿಯ ಗಣಿತದ ಅಧ್ಯಾಪಕರ ಬಳಿ ಕೂತು ಮಾತನಾಡಿ ತೀರ್ಮಾನಿಸಿ. ಯಾವ ಪಾಠದಲ್ಲಿ ಎಡವುತ್ತಾಳೆ ಎಂದು ಅವರಿಗೆ ಗೊತ್ತಿರುತ್ತದೆ, ಒಮ್ಮೊಮ್ಮೆ ಐದನೇ ತರಗತಿಯ ಭಾಗಾಕಾರವೊಂದನ್ನು ಸರಿಮಾಡಿದರೆ ಮುಗಿಯುವ ತೊಂದರೆ ಇರುತ್ತದೆ. ಬೇಕೇ ಬೇಕೆಂದಾದರೆ ವಾರದ ಬೇರೆ ಸಂಜೆಯೊಂದನ್ನು ಹುಡುಕಿ, ಶನಿವಾರವನ್ನು ಯಕ್ಷಗಾನಕ್ಕೇ ಬಿಡಿ.